ಆಟಕ್ಕುಂಟು, ಲೆಕ್ಕಕ್ಕಿಲ್ಲ: ಮಲೆನಾಡಿನ ಕಾಲೇಜು ಲ್ಯಾಬಿಗೆ ಸೈಬರ್‌ಬಾಲ್ ಹೊಂದುತ್ತದೆಯೇ?

ಪರದೆಯ ಮೇಲೆ ಮೂವರು ಆಟಗಾರರು. ಎಡಕ್ಕೊಬ್ಬ, ಬಲಕ್ಕೊಬ್ಬ, ಕೆಳಗೆ ನಡುವೆ ಕಾಣುವ ಕೈ ನಿಮ್ಮದು. ಚೆಂಡು ನಿಮ್ಮ ಕೈಗೆ ಬಂದರೆ ಯಾರಿಗೆ ಎಸೆಯಬೇಕೋ ಅವರ ಮೇಲೆ ಕ್ಲಿಕ್ ಮಾಡಬೇಕು. ಅಷ್ಟೇ ಆಟ. ಅಂಕ ಇಲ್ಲ, ಸೋಲು ಗೆಲುವು ಇಲ್ಲ. ಮೊಬೈಲ್ ಗೇಮಿನ ರುಚಿ ಹತ್ತಿದ ಹುಡುಗರು ಮೊದಲ ಅರ್ಧ ನಿಮಿಷ ಆಕಳಿಸುತ್ತಾರೆ. ಶುರುವಿನಲ್ಲಿ ಎರಡು ಸಲ ಚೆಂಡು ನಿಮಗೂ ಬರುತ್ತದೆ. ಆಮೇಲೆ ಉಳಿದಿಬ್ಬರು ತಮ್ಮತಮ್ಮಲ್ಲೇ ಎಸೆದಾಡಿಕೊಳ್ಳುತ್ತಾರೆ. ಹತ್ತು ಎಸೆತ, ಹದಿನೈದು ಎಸೆತ, ಇಪ್ಪತ್ತು. ಆಕಳಿಸುತ್ತಿದ್ದವನು ಈಗ ಮುಂದಕ್ಕೆ ಬಾಗಿ ಮೌಸನ್ನು ಟಕಟಕ ಒತ್ತುತ್ತಿರುತ್ತಾನೆ. “ಮೇಡಂ, ನಂಗೆ ಬಾಲೇ ಹಾಕ್ತಿಲ್ಲ.”

ಆ ಇಬ್ಬರು ಮನುಷ್ಯರೇ ಅಲ್ಲ. ಯಾರಿಗೆ ಎಷ್ಟು ಸಲ ಚೆಂಡು ಹೋಗಬೇಕೆಂದು ಮೊದಲೇ ಬರೆದಿಟ್ಟ ಪ್ರೋಗ್ರಾಂ. ಹೆಸರು ಸೈಬರ್‌ಬಾಲ್. ಮುಂದೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯ ಸೇರಿದ ಮನಶ್ಶಾಸ್ತ್ರಜ್ಞ ಕಿಪ್ಲಿಂಗ್ ವಿಲಿಯಮ್ಸ್ ಮತ್ತು ಜೊತೆಗಾರರು ರೂಪಿಸಿದ್ದು. ಸಂಶೋಧನೆಗೆ, ಪಾಠಕ್ಕೆ ಬಳಸುವವರಿಗೆ ಪುಕ್ಕಟೆ. ಪಾರ್ಕಿನಲ್ಲಿ ಕೂತಿದ್ದ ವಿಲಿಯಮ್ಸರ ಬಳಿಗೆ ಯಾರೋ ಇಬ್ಬರು ಆಡುತ್ತಿದ್ದ ಫ್ರಿಸ್ಬಿ ಉರುಳಿಕೊಂಡು ಬಂತಂತೆ. ಎತ್ತಿ ಎಸೆದರು, ಅವರು ತಿರುಗಿ ಇವರಿಗೇ ಎಸೆದರು, ನಾಲ್ಕಾರು ಸಲ ಹೀಗೆ ನಡೆಯಿತು. ಆಮೇಲೆ ಮಾತಿಲ್ಲದೆ ನಿಲ್ಲಿಸಿಬಿಟ್ಟರು. ಗುರುತಿಲ್ಲದ ಇಬ್ಬರು, ಬೇಕಿಲ್ಲದ ಆಟ, ಆದರೂ ಚುರುಕ್ ಅಂದಿತು. ಮೊದಲು ಇದನ್ನು ನಿಜವಾದ ಚೆಂಡು, ನಿಜವಾದ ಜನರನ್ನಿಟ್ಟು ಮಾಡಿದರು. ಪ್ರತಿಯೊಬ್ಬ ವಿದ್ಯಾರ್ಥಿಗೂ ನಟಿಸಲು ಇಬ್ಬಿಬ್ಬರು ಬೇಕು, ನಟಿಸುವವರಿಗೇ ಮನಸ್ಸು ಕೆಡುತ್ತದೆ. ಆ ಕೆಲಸವನ್ನು ಕಂಪ್ಯೂಟರಿಗೆ ದಾಟಿಸಿದ ಪ್ರಯೋಗ 2000ದಲ್ಲಿ ಪ್ರಕಟವಾಯಿತು. 62 ದೇಶಗಳ 1,486 ಜನ ಅಂತರ್ಜಾಲದಲ್ಲಿ ಆಡಿದ್ದರು.

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಡಿಗ್ರಿ ಕಾಲೇಜುಗಳಲ್ಲಿ ಮನಶ್ಶಾಸ್ತ್ರ ಹೇಳುವವರು, ಬಿ.ಎಡ್. ತರಗತಿಯವರು, ಹಾಸ್ಟೆಲ್ ವಾರ್ಡನ್‌ಗಳಿಗೆ ತರಬೇತಿ ಕೊಡುವವರು ಇದನ್ನು ಬಳಸಬಹುದೇ ಎಂಬುದಷ್ಟೇ ಈ ವಿಮರ್ಶೆಯ ವಿಷಯ. ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಿಟ್ಟುಹಾಕಿದರೆ ಮನಸ್ಸಿಗೆ ಏನಾಗುತ್ತದೆ ಎಂದು ತೋರಿಸಲು ಇದಕ್ಕಿಂತ ಅಗ್ಗದ, ನೆಚ್ಚಬಹುದಾದ ಸಾಧನ ಸಿಗುವುದು ಕಷ್ಟ. ಆದರೆ ಬಿಟ್ಟುಹಾಕಿಸಿಕೊಂಡವನು ಆಮೇಲೆ ಎದುರಿನವರ ಜೊತೆ ಹೇಗೆ ನಡೆದುಕೊಳ್ಳುತ್ತಾನೆ, ಸಿಡುಕುತ್ತಾನೋ, ಓಲೈಸುತ್ತಾನೋ, ಮುದುಡಿ ಕೂರುತ್ತಾನೋ ಎಂಬುದು ಈ ಆಟದೊಳಗೆ ಇಲ್ಲ. ಆಟ ಮುಗಿದ ಮೇಲೆ ಅವನ ಮುಂದೆ ನೀವು ಏನಿಡುತ್ತೀರಿ ಎಂಬುದರಲ್ಲಿದೆ. ಪ್ರಾಜೆಕ್ಟ್ ಮಾಡುವವರು ಎಡವುವುದು ಅಲ್ಲೇ.

ಹೂಡುವುದು ಹೇಗೆ

ಸಾಮಾನ್ಯ ಲೆಕ್ಕ: ಮೂವರು ಆಟಗಾರರು, 30 ಎಸೆತ. ‘ಸೇರಿಸಿಕೊಂಡ’ ಗುಂಪಿನವರಿಗೆ ಮೂರರಲ್ಲೊಂದು ಪಾಲು, ಎಂದರೆ ಹತ್ತರ ಆಸುಪಾಸು. ‘ಬಿಟ್ಟುಹಾಕಿದ’ ಗುಂಪಿಗೆ ಶುರುವಿನ ಎರಡು, ಆಮೇಲೆ ಸೊನ್ನೆ. ಆ ಎರಡನ್ನು ಉಳಿಸಿ, ಒಂದೂ ಕೊಡದೆ ಆಡಿಸಬೇಡಿ. ಒಮ್ಮೆಯೂ ಚೆಂಡು ಬರದಿದ್ದರೆ ವಿದ್ಯಾರ್ಥಿ ಕಂಪ್ಯೂಟರ್ ಕೆಟ್ಟಿದೆ ಅಂದುಕೊಳ್ಳುತ್ತಾನೆ. ಕೊಟ್ಟು ಆಮೇಲೆ ನಿಲ್ಲಿಸಿದರಷ್ಟೇ ‘ನನ್ನನ್ನು ಬಿಟ್ಟರು’ ಅನ್ನಿಸುವುದು. ಇಡೀ ಆಟಕ್ಕೆ ಮೂರರಿಂದ ಐದು ನಿಮಿಷ ಸಾಕು. ಎಸೆತಗಳ ನಡುವಿನ ಅಂತರ ಗಡಿಯಾರದ ಹಾಗೆ ಒಂದೇ ಸಮ ಇಡಬೇಡಿ. ಅರ್ಧ ಸೆಕೆಂಡಿನಿಂದ ಮೂರು ಸೆಕೆಂಡಿನವರೆಗೆ ಹೆಚ್ಚುಕಡಿಮೆ ಆಗುವಂತೆ ಇಟ್ಟರೆ ಆಚೆಗಿರುವವನು ಯೋಚಿಸಿ ಎಸೆಯುತ್ತಿದ್ದಾನೆ ಎಂಬ ಭಾವ ಬರುತ್ತದೆ.

ಆಟಕ್ಕೆ ಮುಂಚೆ ಓದಿಸುವ ಸೂಚನೆಯೂ ಮುಖ್ಯ. ‘ಇದು ಕಲ್ಪನಾಶಕ್ತಿಯ ಅಭ್ಯಾಸ, ಯಾರು ಎಷ್ಟು ಹಿಡಿದರು ಎಂಬುದು ಮುಖ್ಯವಲ್ಲ, ನೀವು ಎಲ್ಲಿ ಆಡುತ್ತಿದ್ದೀರಿ, ಬಿಸಿಲಿದೆಯೋ ಮಳೆಯಿದೆಯೋ, ಜೊತೆಗಿರುವವರು ಹೇಗಿದ್ದಾರೆ ಎಂದು ಮನಸ್ಸಿನಲ್ಲೇ ಕಂಡುಕೊಳ್ಳಿ’ ಎಂಬ ಅರ್ಥದ ನಾಲ್ಕು ಸಾಲು ಮೂಲ ವಿಧಾನದಲ್ಲಿಯೇ ಇದೆ. ಇದನ್ನು ಬಿಟ್ಟರೆ ಹುಡುಗರು ಅಂಕ ಎಲ್ಲಿ ಎಂದು ಹುಡುಕುತ್ತಾರೆ.

ಈಗ ನಮ್ಮ ಕಡೆಯ ತೊಡಕುಗಳು. ಮೊದಲನೆಯದು ನೆಟ್‌ವರ್ಕ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಸೆರಗಿನ ಕಾಲೇಜುಗಳಲ್ಲಿ ಕರೆಂಟ್ ಮತ್ತು ನೆಟ್ ಎರಡೂ ಮಳೆಯ ಮರ್ಜಿಯಲ್ಲಿರುತ್ತವೆ. ಆಟ ಅರ್ಧಕ್ಕೆ ನಿಂತರೆ ಆ ವಿದ್ಯಾರ್ಥಿಯ ದತ್ತಾಂಶ ಹೋಯಿತು, ಅದು ಗೊತ್ತಾಗುವ ನಷ್ಟ. ಗೊತ್ತಾಗದ ನಷ್ಟ ಬೇರೆ ಇದೆ. ಚೆಂಡು ಬರದಿದ್ದಾಗ ‘ನೆಟ್ ಸ್ಲೋ ಇದೆ’ ಎಂಬ ಸಮಾಧಾನ ಇಲ್ಲಿನ ಹುಡುಗರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಬೇಕೆಂದೇ ಬಿಟ್ಟರು ಎನ್ನುವ ಬದಲು ಟವರಿನ ಮೇಲೆ ತಪ್ಪು ಹೊರಿಸಿದರೆ ನೋವು ತಗ್ಗಬಹುದು. ನಿಮ್ಮ ಪ್ರಯೋಗ ಅಳೆಯಬೇಕಾದ್ದು ಅಳತೆಗೆ ಸಿಗುವುದಿಲ್ಲ. ಆದ್ದರಿಂದ ಬ್ರೌಸರಿನಲ್ಲಿ ಓಡುವ ಆವೃತ್ತಿಯಾದರೂ ಅದನ್ನು ಲ್ಯಾಬಿನ ಒಳಗಿನ ಜಾಲದಲ್ಲೇ ಓಡಿಸಿ, ಯುಪಿಎಸ್ ಇರುವ ಯಂತ್ರಗಳನ್ನಷ್ಟೇ ಬಳಸಿ. ಆಟದ ನಂತರ ‘ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡಿತೇ?’ ಎಂಬ ಒಂದು ಪ್ರಶ್ನೆ ಸೇರಿಸಿ. ಇಲ್ಲ ಎಂದವರನ್ನು ಬೇರೆಯೇ ಇಟ್ಟು ನೋಡಿ.

ಎರಡನೆಯದು ಅಕ್ಷರ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಹಳೆಯ ಫೈಲಿನಿಂದ ಸೂಚನೆಗಳನ್ನು ಅಂಟಿಸಿದರೆ ಪರದೆಯ ತುಂಬ ಅರ್ಥವಿಲ್ಲದ ಗುರುತುಗಳು ಬರುತ್ತವೆ. ಯೂನಿಕೋಡಿಗೆ ಬದಲಿಸಿಕೊಂಡು, ಫೈಲನ್ನು ಯುಟಿಎಫ್-8ರಲ್ಲಿ ಉಳಿಸಿ. ಒತ್ತಕ್ಷರಗಳು ಒಡೆದು ಕಾಣುತ್ತವೆಯೇ ಎಂದು ಪ್ರತಿ ಯಂತ್ರದಲ್ಲೂ ಒಮ್ಮೆ ನೋಡಿ. ಲ್ಯಾಬಿನ ಹಳೆಯ ಕಂಪ್ಯೂಟರುಗಳಲ್ಲಿ ಒಂದೆರಡಾದರೂ ಕೈಕೊಡುತ್ತವೆ.

ಮೂರನೆಯದು ಹೆಸರು, ಮತ್ತು ಇದು ಹಗುರದ ಮಾತಲ್ಲ. ಪ್ರೋಗ್ರಾಂ ಆಟಗಾರರಿಗೆ ಹೆಸರು, ಫೋಟೋ ಕೊಡಲು ಬಿಡುತ್ತದೆ. ನಿಜವೆನಿಸಲಿ ಎಂದು ಊರಿನ ಹೆಸರುಗಳನ್ನೇ ಹಾಕುವ ಆಸೆ ಆಗುತ್ತದೆ. ಹಾಕಬೇಡಿ. ಇಲ್ಲಿ ಹೆಸರಿನ ಬಾಲದಲ್ಲಿ ಜಾತಿ ಇರುತ್ತದೆ, ಮೊದಲಕ್ಷರದಲ್ಲಿ ಧರ್ಮ ಇರುತ್ತದೆ. ಭಟ್, ಗೌಡ, ನಾಯ್ಕ ಎಂದು ಬರೆದ ಕೂಡಲೇ ನೀವು ಬೇರೆಯದೇ ಪ್ರಯೋಗ ಶುರುಮಾಡಿರುತ್ತೀರಿ. ಬಿಟ್ಟುಹಾಕಿದ್ದು ತನ್ನ ಜನಾಂಗದ ಕಾರಣಕ್ಕೆ ಎಂದುಕೊಂಡವರು ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾರೆ ಎಂದು ಇದೇ ಆಟವನ್ನಿಟ್ಟು ಅಮೆರಿಕದಲ್ಲಿ 2010ರಲ್ಲಿ ಪ್ರಕಟವಾದ ಅಧ್ಯಯನವಿದೆ. ‘ಆಟಗಾರ 1’, ‘ಆಟಗಾರ 3’ ಸಾಕು. ಫೋಟೋ ಬೇಡ.

ಉಳಿದದ್ದು ಚಿಲ್ಲರೆ. ಪಕ್ಕದವನ ಪರದೆ ಕಾಣದಂತೆ ನಡುವೆ ರಟ್ಟು ನಿಲ್ಲಿಸಿ. ಬೆಳಗಿನ ಬ್ಯಾಚಿಗೆ ಆಡಿಸಿ ಮಧ್ಯಾಹ್ನದ ಬ್ಯಾಚನ್ನು ಕಾಯಿಸಿದರೆ ಕ್ಯಾಂಟೀನಿನ ಒಂದು ಟೀ ಮುಗಿಯುವಷ್ಟರಲ್ಲಿ ಗುಟ್ಟು ಬಯಲಾಗಿರುತ್ತದೆ; ಎರಡೂ ಗುಂಪನ್ನು ಒಂದೇ ಹೊತ್ತಿಗೆ, ಚೀಟಿ ಎತ್ತಿ ಕೂರಿಸಿ.

ಪ್ರಶ್ನಾವಳಿಯ ಕನ್ನಡ

ಆಟದ ಹಿಂದೆಯೇ ತುಂಬಿಸುವುದು ನೀಡ್ ಥ್ರೆಟ್ ಸ್ಕೇಲ್, ಎಂದರೆ ಮನಸ್ಸಿನ ಮೂಲ ಅಗತ್ಯಗಳಿಗೆ ಎಷ್ಟು ಪೆಟ್ಟು ಬಿತ್ತು ಎಂದು ಅಳೆಯುವ ಪ್ರಶ್ನಾವಳಿ. 20 ವಾಕ್ಯಗಳು, ಒಂದರಿಂದ ಐದರವರೆಗೆ ಗುರುತು. ನಾಲ್ಕು ಗುಂಪು, ಒಂದೊಂದರಲ್ಲಿ ಐದು: ನಾನೂ ಇವರಲ್ಲೊಬ್ಬ ಎಂಬ ಭಾವ, ಸ್ವಾಭಿಮಾನ, ಪರಿಸ್ಥಿತಿಯ ಮೇಲಿನ ಹಿಡಿತ, ತಾನಿರುವುದಕ್ಕೆ ಅರ್ಥವಿದೆ ಎಂಬ ಭಾವ. ಬಿಟ್ಟುಹಾಕುವುದು ಈ ನಾಲ್ಕಕ್ಕೂ ಒಟ್ಟಿಗೆ ಪೆಟ್ಟು ಕೊಡುತ್ತದೆ ಎಂಬುದೇ ವಿಲಿಯಮ್ಸರ ವಾದ. ಜಗಳವಾಡಿದರೆ ಸ್ವಾಭಿಮಾನಕ್ಕೆ ಏಟು ಬೀಳಬಹುದು, ಆದರೆ ಎದುರಿನವನು ನಿಮ್ಮನ್ನು ಎಣಿಕೆಗೆ ತೆಗೆದುಕೊಂಡಿರುತ್ತಾನೆ. ಮಾತೇ ಬಿಟ್ಟರೆ ಅದೂ ಇಲ್ಲ. ಜಗಲಿಯ ಮೇಲೆ ಕೂತ ನಾಲ್ವರಲ್ಲಿ ಕವಳದ ಹರಿವಾಣ ಮೂವರ ಮುಂದೆ ನಿಂತು ನಿಮ್ಮನ್ನು ದಾಟಿಕೊಂಡು ಹೋದರೆ ಏನನ್ನಿಸುತ್ತದೆ ಎಂದು ಕೇಳಿ, ತರಗತಿಗೆ ನಾಲ್ಕೂ ಗುಂಪು ಒಂದೇ ಉದಾಹರಣೆಯಲ್ಲಿ ಅರ್ಥವಾಗುತ್ತದೆ.

ಗ್ರಂಥದ ಕನ್ನಡಕ್ಕೆ ಇಳಿಸಿದರೆ ಈ ಪ್ರಶ್ನಾವಳಿ ಸಾಯುತ್ತದೆ. ‘ನಾನು ತಿರಸ್ಕೃತನಾದೆನೆಂಬ ಭಾವನೆ ಉಂಟಾಯಿತು’ ಎಂದು ಬರೆದರೆ ಹುಡುಗರು ನಡುವಿನ ಮೂರಕ್ಕೆ ಸುತ್ತು ಹಾಕಿ ಮುಂದೆ ಹೋಗುತ್ತಾರೆ. ‘ನನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ ಅನ್ನಿಸಿತು’ ಎಂದರೆ ಪೆನ್ನು ನಿಲ್ಲುತ್ತದೆ. ತಾನು ಇಲ್ಲವೇ ಇಲ್ಲ ಅನ್ನಿಸಿತು ಎಂಬ ಅರ್ಥದ ವಾಕ್ಯಕ್ಕೆ ‘ಇದ್ದೂ ಇಲ್ಲದ ಹಾಗಾಯಿತು’ ಎಂಬ ಸಿದ್ಧ ಮಾತೇ ಇದೆ. ಕಣ್ಣಿಗೇ ಬೀಳದವನಾದೆ ಎಂಬುದಕ್ಕೆ ‘ಅದೃಶ್ಯ’ ಬೇಡ. ಅದು ಮಾಯಾಬಜಾರಿನ ಮಾತಾಗುತ್ತದೆ. ‘ನಾನು ಅವರ ಕಣ್ಣಿಗೇ ಬೀಳಲಿಲ್ಲ’ ಸಾಕು.

ಒಂದು ಪದದಲ್ಲಿ ಮಾತ್ರ ತುಂಬಾ ಎಚ್ಚರ ಬೇಕು: ‘ಹೊರಗೆ’. ಪರಕೀಯ ಎಂಬ ಅರ್ಥಕ್ಕೆ ‘ಹೊರಗಿನವಳು’, ‘ಹೊರಗಿಟ್ಟರು’ ಎಂದೆಲ್ಲ ಸಹಜವಾಗಿ ಬಾಯಿಗೆ ಬರುತ್ತದೆ. ಆದರೆ ಮಲೆನಾಡಿನ ಎಷ್ಟೋ ಮನೆಗಳಲ್ಲಿ ‘ಹೊರಗೆ’ ಎಂದರೆ ಮುಟ್ಟಿನ ಮೂರು ದಿನ. ‘ನನ್ನನ್ನು ಹೊರಗಿಟ್ಟ ಹಾಗಾಯಿತು’ ಎಂಬ ವಾಕ್ಯಕ್ಕೆ ಹುಡುಗಿಯರು ನಗುತ್ತಾರೆ ಅಥವಾ ಮುಜುಗರಪಡುತ್ತಾರೆ. ಎರಡರಲ್ಲೂ ಉತ್ತರ ಕೆಡುತ್ತದೆ, ಅದೂ ಹುಡುಗಿಯರ ಗುಂಪಿನಲ್ಲಿ ಮಾತ್ರ ಕೆಡುವುದರಿಂದ ಗಂಡು ಹೆಣ್ಣಿನ ವ್ಯತ್ಯಾಸ ಎಂದು ತಪ್ಪು ತೀರ್ಮಾನಕ್ಕೂ ದಾರಿ. ‘ಅವರ ಗುಂಪಿಗೆ ನಾನು ಸೇರಿದವಳಲ್ಲ ಅನ್ನಿಸಿತು’ ಎಂದಿಡಿ. ಹಾಗೆಯೇ ‘ಬಹಿಷ್ಕಾರ’ ಎಂಬ ಪದವನ್ನು ಪ್ರಶ್ನಾವಳಿಯೊಳಗೆ ತರಲೇಬೇಡಿ. ಅದು ಊರೊಟ್ಟಿನ ಕ್ರೌರ್ಯ. ಪರಿಶಿಷ್ಟರ ಮೇಲೆ ಸಾಮಾಜಿಕ ಬಹಿಷ್ಕಾರ ಹಾಕುವುದು ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. 2015ರ ತಿದ್ದುಪಡಿಯಲ್ಲಿ ಅದು ಸ್ಪಷ್ಟವಾಗಿ ಸೇರಿದೆ. ಐದು ನಿಮಿಷದ ಚೆಂಡಾಟಕ್ಕೆ ಆ ಪದ ಅಂಟಿಸಿದರೆ ಎರಡಕ್ಕೂ ಅನ್ಯಾಯ.

ಎರಡು ನಕಾರ ಇರುವ ವಾಕ್ಯಗಳನ್ನು ಒಡೆಯಿರಿ. ‘ಬೇರೆಯವರು ಮಾಡುವುದನ್ನು ಬದಲಾಯಿಸಲು ನನ್ನಿಂದ ಆಗಲಿಲ್ಲ’ ಎಂಬುದಕ್ಕೆ ‘ಒಪ್ಪುವುದಿಲ್ಲ’ ಎಂದು ಗುರುತು ಹಾಕುವಾಗ ಅರ್ಧ ಜನ ತಿರುವುಮುರುವು ಮಾಡುತ್ತಾರೆ. ಇನ್ನೊಂದು: ಎಲ್ಲ ವಾಕ್ಯಗಳೂ ‘ಆಟ ಆಡುತ್ತಿದ್ದಾಗ’ ಎಂದು ಕೇಳಬೇಕು, ‘ಈಗ’ ಎಂದಲ್ಲ. ಚೆಂಡು ತಪ್ಪಿದ ಕ್ಷಣದ ಚುರುಕು ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ನಿಮಿಷಗಳು ಕಳೆದ ಹಾಗೆ ಮನಸ್ಸು ತನಗೆ ತಾನೇ ಕಾರಣ ಹೇಳಿಕೊಂಡು ಸುಧಾರಿಸಿಕೊಳ್ಳುತ್ತದೆ. ಆದರೆ ಜನರ ನಡುವೆ ಹಿಂಜರಿಯುವ ಸ್ವಭಾವದವರಲ್ಲಿ ಆ ಸುಧಾರಣೆ ನಿಧಾನ. 2006ರ ಒಂದು ಪ್ರಯೋಗದಲ್ಲಿ 45 ನಿಮಿಷದ ನಂತರವೂ ಅಂಥವರು ಪೂರ್ತಿ ಚೇತರಿಸಿಕೊಂಡಿರಲಿಲ್ಲ. ‘ಆಗ’, ‘ಈಗ’ ಎರಡನ್ನೂ ಬೇರೆಬೇರೆ ಹಾಳೆಯಲ್ಲಿ ಕೇಳಿದರೆ ಪಾಠಕ್ಕೆ ಇನ್ನೂ ಒಳ್ಳೆಯದು. ಕೊನೆಯಲ್ಲಿ ‘ನಿಮಗೆ ನೂರಕ್ಕೆ ಎಷ್ಟು ಸಲ ಚೆಂಡು ಬಂತು?’ ಎಂದು ಕೇಳುವುದನ್ನು ಮರೆಯಬೇಡಿ. ಬಿಟ್ಟುಹಾಕಿದ ಗುಂಪಿನವನು 33ರ ಹತ್ತಿರ ಬರೆದಿದ್ದರೆ ಅವನು ಪರದೆ ನೋಡಿಲ್ಲ.

ಆಮೇಲೆ ಏನು ಮಾಡಿಸುತ್ತೀರಿ

ಬಿಟ್ಟುಹಾಕಿಸಿಕೊಂಡವರು ಕೆಟ್ಟವರಾಗುತ್ತಾರೆ ಎಂಬುದು ಜನಪ್ರಿಯ ಮಾತು, ಅದಕ್ಕೆ ಆಧಾರವೂ ಇದೆ. 2001ರಲ್ಲಿ ಟ್ವೆಂಗೆ ಮತ್ತು ಬೌಮೈಸ್ಟರ್ ತಂಡ ಕೆಲವರಿಗೆ ‘ನಿಮ್ಮ ಜೊತೆ ಕೆಲಸ ಮಾಡಲು ಯಾರೂ ಒಪ್ಪಲಿಲ್ಲ’ ಎಂದೋ ‘ನೀವು ಮುಂದೆ ಒಂಟಿಯಾಗಿ ಉಳಿಯುವ ಸ್ವಭಾವದವರು’ ಎಂದೋ ಹೇಳಿ, ಆಮೇಲೆ ಬೇರೊಬ್ಬರ ಕಿವಿಗೆ ಕರ್ಕಶ ಸದ್ದು ಬಿಡುವ ಅವಕಾಶ ಕೊಟ್ಟಿತು. ಏನೂ ತಪ್ಪು ಮಾಡದವರಿಗೂ ಅವರು ಜೋರು ಸದ್ದನ್ನೇ ಬಿಟ್ಟರು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬುದರ ಪ್ರಯೋಗಶಾಲೆಯ ರೂಪ. ಆದರೆ ತಮ್ಮನ್ನು ಹೊಗಳಿದವರ ಮೇಲೆ ಮಾತ್ರ ಹಾಗೆ ಹರಿಹಾಯಲಿಲ್ಲ. 2007ರಲ್ಲಿ ಅದೇ ಬಳಗ ತೋರಿಸಿದ್ದು, ಇಂಥವರು ದಾನ ಕಡಿಮೆ ಮಾಡುತ್ತಾರೆ, ನೆಲಕ್ಕೆ ಬಿದ್ದ ಪೆನ್ಸಿಲ್ ಎತ್ತಿಕೊಡುವುದೂ ಕಡಿಮೆ.

ಇದೇ ಸಾಲಿನಲ್ಲಿ ಉಲ್ಟಾ ಫಲಿತಾಂಶಗಳೂ ಇವೆ, ಪಾಠದಲ್ಲಿ ಇವನ್ನು ಬಿಟ್ಟು ಹೇಳುವುದು ಸರಿಯಲ್ಲ. 1997ರಲ್ಲಿ ನಿಜವಾದ ಚೆಂಡಿನಿಂದ ಮಾಡಿದ ಪ್ರಯೋಗದಲ್ಲಿ ಬಿಟ್ಟುಹಾಕಿಸಿಕೊಂಡ ಹೆಂಗಸರು ಮುಂದಿನ ಗುಂಪು ಕೆಲಸದಲ್ಲಿ ಹೆಚ್ಚು ದುಡಿದರು. ಗಂಡಸರು ಹಾಗೆ ಮಾಡಲಿಲ್ಲ. 2000ದ ಸೈಬರ್‌ಬಾಲ್ ಪ್ರಯೋಗದಲ್ಲಿ ಚೆಂಡು ಸಿಗದವರು ಆಮೇಲೆ ಬೇರೊಂದು ಹೊಸ ಗುಂಪಿನ ತಪ್ಪು ಉತ್ತರಕ್ಕೂ ಹೆಚ್ಚು ತಲೆಯಾಡಿಸಿದರು. 2008ರಲ್ಲಿ ಇನ್ನೊಂದು ತಂಡ ಆಟದ ನಂತರ ವಿದ್ಯಾರ್ಥಿಯನ್ನು ಹೊಸಬಳೊಬ್ಬಳ ಜೊತೆ ಕೂರಿಸಿತು. ಆಕೆ ಬೇಕೆಂದೇ ಕಾಲು ಅಲ್ಲಾಡಿಸುತ್ತಿದ್ದಳು. ಚೆಂಡು ಸಿಗದವರು ತಮಗೇ ಅರಿವಿಲ್ಲದೆ ಆಕೆಯ ಹಾಗೇ ಕಾಲು ಅಲ್ಲಾಡಿಸುವುದು ಹೆಚ್ಚಾಯಿತು.

ಒಂದೇ ಚೆಂಡಾಟ ಮುಗಿಸಿದವನು ಒಂದೆಡೆ ಕಾಲು ಕೆರೆದು ಜಗಳಕ್ಕೆ ಬರುತ್ತಾನೆ, ಇನ್ನೊಂದೆಡೆ ಅನುಕರಿಸಿ ಓಲೈಸುತ್ತಾನೆ. ವ್ಯತ್ಯಾಸ ಎಲ್ಲಿದೆ ಎಂಬುದಕ್ಕೆ ಎರಡು ಕೆಲಸಗಳು ದಾರಿ ತೋರಿಸುತ್ತವೆ. ಮೇನರ್ ತಂಡದ 2007ರ ಅಧ್ಯಯನ: ಹೊಸಬರ ಜೊತೆ ಸ್ನೇಹ ಬೆಳೆಯುವ ಸಾಧ್ಯತೆ ಇದ್ದರೆ ಬಿಟ್ಟುಹಾಕಿಸಿಕೊಂಡವರು ಕೈ ಚಾಚುತ್ತಾರೆ, ಬಿಟ್ಟುಹಾಕಿದವರ ಕಡೆಗೇ ಮಾತ್ರ ಚಾಚುವುದಿಲ್ಲ, ಜನ ಏನೆಂದುಕೊಂಡಾರು ಎಂದು ಅಂಜುವವರು ಹೊಸಬರ ಕಡೆಗೂ ಚಾಚುವುದಿಲ್ಲ. ಇನ್ನೊಂದು ವಾರ್ಬರ್ಟನ್, ವಿಲಿಯಮ್ಸ್, ಕೇರ್ನ್ಸ್ 2006ರಲ್ಲಿ ಮಾಡಿದ್ದು, ‘ಹಿಡಿತ’ದ ಬಗ್ಗೆ. ಚೆಂಡು ಕೊಡದೆ ಬಿಟ್ಟ ಮೇಲೆ ಎಲ್ಲರಿಗೂ ಅಸಹ್ಯ ಸದ್ದು ಕೇಳಿಸಿದರು. ಅದು ಯಾವಾಗ ಶುರುವಾಗಬೇಕೆಂದು ಕೆಲವರು ತಾವೇ ನಿರ್ಧರಿಸಬಹುದಿತ್ತು, ಕೆಲವರಿಗೆ ಅಷ್ಟೂ ಇರಲಿಲ್ಲ. ಆಮೇಲೆ ಖಾರ ಇಷ್ಟವಿಲ್ಲದ ಅಪರಿಚಿತನಿಗೆ ತಿನ್ನಲು ಖಾರದ ಸಾಸ್ ಎಷ್ಟು ಬಡಿಸುತ್ತೀರಿ ಎಂದು ಬಿಟ್ಟರು. ಹಿಡಿತ ಇಲ್ಲದವರು ಬಡಿಸಿದ್ದು ಉಳಿದವರ ನಾಲ್ಕು ಪಟ್ಟಿಗಿಂತ ಹೆಚ್ಚು. ಒಂದು ಬಟನ್ ಒತ್ತುವಷ್ಟು ಅಧಿಕಾರ ಮರಳಿ ಸಿಕ್ಕವರ ಕೈ ಹಗುರವಾಗಿತ್ತು.

ಹಾಗಾಗಿ ಆಟದ ನಂತರ ಎರಡು ಬೇರೆ ಬಾಗಿಲುಗಳನ್ನು ಇಟ್ಟು ಹೋಲಿಸುವುದೇ ಒಳ್ಳೆಯ ಪ್ರಾಜೆಕ್ಟ್: ಒಂದು ಗುಂಪಿಗೆ ‘ಮುಂದಿನ ಕೆಲಸ ಹೊಸಬರ ಜೊತೆ, ಅವರನ್ನು ಈಗಲೇ ಭೇಟಿಯಾಗುತ್ತೀರಿ’ ಎನ್ನಿ, ಇನ್ನೊಂದಕ್ಕೆ ‘ಒಬ್ಬರೇ ಮಾಡಿ’ ಎನ್ನಿ. ಬರೀ ಆಟ ಆಡಿಸಿ ‘ಸಿಟ್ಟು ಬಂತೇ’ ಎಂದು ಕೇಳುವ ಪ್ರಾಜೆಕ್ಟುಗಳಿಗೆ ಹಾಳೆ ದಂಡ.

ಅಳೆಯುವ ಕೆಲಸಗಳನ್ನು ಇಲ್ಲಿಗೆ ಹೊಂದಿಸುವಾಗ ಕೆಲವು ಸೂಕ್ಷ್ಮಗಳಿವೆ. ಖಾರದ ಸಾಸಿನ ಬದಲು ಜೀರಿಗೆ ಮೆಣಸಿನ ಚಟ್ನಿ ಇಡಬಹುದು. 100 ಗ್ರಾಂ ಬಟ್ಟಲು, ಒಂದು ಚಮಚ, ಮುಚ್ಚಳವಿರುವ ಸಣ್ಣ ಕಪ್ಪು, 0.1 ಗ್ರಾಂ ತೋರಿಸುವ ತಕ್ಕಡಿ. ಕಪ್ಪನ್ನು ಮೊದಲು ಖಾಲಿ ತೂಗಿ, ಬಡಿಸಿದ ಮೇಲೆ ವಿದ್ಯಾರ್ಥಿ ಹೋದ ನಂತರ ತೂಗಿ; ಅವನ ಎದುರಿಗೆ ತೂಗಿದರೆ ಅಳೆಯುತ್ತಿದ್ದೀರಿ ಎಂದು ಗೊತ್ತಾಗಿ ಕೈ ಬಿಗಿಹಿಡಿಯುತ್ತಾನೆ. ಚಟ್ನಿ ತೆಳ್ಳಗಿದ್ದರೆ ಚಮಚದಿಂದ ಸೋರುತ್ತದೆ, ಮುದ್ದೆಯಾಗುವಷ್ಟು ಗಟ್ಟಿ ಇರಲಿ. ನಿಜವಾಗಿ ಯಾರೂ ತಿನ್ನುವುದಿಲ್ಲ. ಮುಖ್ಯ ತೊಂದರೆ ಬೇರೆ: ಈ ಸೀಮೆಯಲ್ಲಿ ಜೀರಿಗೆ ಮೆಣಸು ಶಿಕ್ಷೆಯಲ್ಲ, ಉಪಚಾರ. ‘ಚೆನ್ನಾಗಿ ತಿನ್ನಲಿ’ ಎಂದು ಪ್ರೀತಿಯಿಂದ ಹೆಚ್ಚು ಬಡಿಸುವವರೂ ಇರುತ್ತಾರೆ. ತಿನ್ನುವವರು ಖಾರಕ್ಕೆ ಐದರಲ್ಲಿ ಒಂದು ಅಂಕ ಕೊಟ್ಟು, ‘ಖಾರ ಆಗುವುದಿಲ್ಲ’ ಎಂದು ಕೈಯಲ್ಲಿ ಬರೆದ ಚೀಟಿಯನ್ನು ಬಟ್ಟಲಿನ ಪಕ್ಕದಲ್ಲೇ ಇಡಿ, ಬಡಿಸಿದ್ದನ್ನೆಲ್ಲ ತಿನ್ನಲೇಬೇಕು ಎಂದೂ ತಿಳಿಸಿ. ಚೀಟಿ ಇಲ್ಲದೆ ಗ್ರಾಂ ಲೆಕ್ಕಕ್ಕೆ ಅರ್ಥವಿಲ್ಲ.

ಪೆನ್ಸಿಲ್ ಬೀಳಿಸುವ ಪರೀಕ್ಷೆ ಇನ್ನೂ ಸುಲಭವೆನಿಸುತ್ತದೆ: ಡಬ್ಬಿಯಲ್ಲಿ 20 ಪೆನ್ಸಿಲ್, ಕೈಜಾರಿದ ಹಾಗೆ ಬೀಳಿಸುವುದು, ಎಷ್ಟು ಎತ್ತಿಕೊಟ್ಟರು ಎಂದು ಎಣಿಸುವುದು. ಇಲ್ಲಿ ಕೆಡುವುದು ಮರ್ಯಾದೆಯಿಂದ. ಬೀಳಿಸಿದ್ದು ಮೇಷ್ಟ್ರೋ ಮೇಡಮ್ಮೋ ಆದರೆ ಚೆಂಡು ಸಿಕ್ಕವನು, ಸಿಗದವನು ಇಬ್ಬರೂ ಓಡಿಬಂದು ಇಪ್ಪತ್ತನ್ನೂ ಎತ್ತಿಕೊಡುತ್ತಾರೆ. ಓರಗೆಯ, ಆದರೆ ಗುರುತಿಲ್ಲದ ಬೇರೆ ಕಾಲೇಜಿನ ವಿದ್ಯಾರ್ಥಿ ಬೀಳಿಸಬೇಕು. ಹುಡುಗಿಯ ಪೆನ್ಸಿಲ್ ಹುಡುಗ ಎತ್ತುವುದಕ್ಕೆ ಬೇರೆ ಕಾರಣಗಳಿರಬಹುದಾದ್ದರಿಂದ ಹುಡುಗರಿಗೆ ಹುಡುಗ, ಹುಡುಗಿಯರಿಗೆ ಹುಡುಗಿ.

ದಾನದ ಡಬ್ಬಿ ಇಡುವುದಾದರೆ ಹಣವನ್ನು ನೀವೇ ನಾಣ್ಯದಲ್ಲಿ ಕೊಡಿ, ಎರಡು ರೂಪಾಯಿಯ ಐದು. ಫೋನ್‌ಪೇ ಕಾಲದಲ್ಲಿ ಜೇಬಿನಲ್ಲಿ ಚಿಲ್ಲರೆ ಇರುವುದಿಲ್ಲ. ಡಬ್ಬಿ ಬಾಗಿಲಿನ ಆಚೆ ಇರಲಿ, ಯಾರ ಕಣ್ಣೂ ಅಲ್ಲಿರಬಾರದು. ನಾಲ್ಕು ಜನ ನೋಡುತ್ತಿದ್ದರೆ ಎಲ್ಲರೂ ದಾನಶೂರರೇ.

ನಲವತ್ತು ಜನರ ತರಗತಿಗೆ ಎಷ್ಟು ಹೇಳಬಹುದು

ಈ ಉಪಕರಣದ ಬಲ ಮತ್ತು ಮಿತಿ ಎರಡೂ ಕಾಣುವುದು ಸಂಖ್ಯೆಯಲ್ಲಿ. 120 ಸೈಬರ್‌ಬಾಲ್ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಲೆಕ್ಕ ಹಾಕಿದಾಗ ಮನಸ್ಸಿನ ಮೇಲಿನ ಪರಿಣಾಮದ ಗಾತ್ರ (ಎರಡು ಗುಂಪಿನ ಸರಾಸರಿಗಳ ಅಂತರ, ಜನರಿಂದ ಜನರಿಗಿರುವ ಸಹಜ ಏರುಪೇರಿನ ಎಷ್ಟು ಪಟ್ಟು ಎಂಬ ಲೆಕ್ಕ) 1.4ಕ್ಕೂ ಹೆಚ್ಚು ಬಂತು. ದೇಶ, ವಯಸ್ಸು, ಗಂಡು ಹೆಣ್ಣು, ಎಸೆತಗಳ ಸಂಖ್ಯೆ ಯಾವುದೂ ಅದನ್ನು ದೊಡ್ಡದಾಗಿ ಅಲುಗಾಡಿಸಲಿಲ್ಲ. ಮನಶ್ಶಾಸ್ತ್ರದಲ್ಲಿ ಇಷ್ಟು ದಪ್ಪ ಪರಿಣಾಮ ಅಪರೂಪ. ಗುಂಪಿಗೆ ಹತ್ತು ಜನರಿದ್ದರೂ ಹತ್ತರಲ್ಲಿ ಎಂಟು ಸಲ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ನಲವತ್ತು ಜನರ ತರಗತಿ ಧಾರಾಳ.

ನಡವಳಿಕೆಗೆ ಈ ಭಾಗ್ಯವಿಲ್ಲ. ಚಟ್ನಿಯ ಗ್ರಾಮಿನಲ್ಲೋ ಪೆನ್ಸಿಲ್ ಎಣಿಕೆಯಲ್ಲೋ 0.5ರಷ್ಟು ಮಧ್ಯಮ ಪರಿಣಾಮ ಇದೆ ಎಂದಿಟ್ಟುಕೊಂಡರೂ ಅದೇ ಖಾತರಿಗೆ ಗುಂಪಿಗೆ 64 ಜನ ಬೇಕು, ಒಟ್ಟು 128. ನಾಲ್ಕು ಗುಂಪು ಮಾಡಿದರೆ ಒಂದು ಕಾಲೇಜಿನ ಮನಶ್ಶಾಸ್ತ್ರ ವಿಭಾಗ ಸಾಲುವುದಿಲ್ಲ. ಎರಡು ಮೂರು ಕಾಲೇಜುಗಳು ಒಂದೇ ಸೂಚನೆ, ಒಂದೇ ಚಟ್ನಿ, ಒಂದೇ ತಕ್ಕಡಿ ಇಟ್ಟುಕೊಂಡು ಸೇರಿ ಮಾಡಬೇಕು. ತರಗತಿಗೆ ಹತ್ತೇ ಜನರನ್ನಿಟ್ಟು ‘ಚೆಂಡು ಸಿಗದವರು ಕ್ರೂರಿಗಳಾದರು’ ಎಂದು ಬರೆದ ರೆಕಾರ್ಡ್ ಪುಸ್ತಕ ಕಂಡರೆ ಕೆಂಪು ಪೆನ್ನು ತೆಗೆಯಿರಿ. ಮಿದುಳಿನ ಚಿತ್ರ ತೆಗೆದು, ಸಾಮಾಜಿಕ ನೋವು ಮೈನೋವು ಎರಡೂ ಒಂದೇ ಜಾಗದಲ್ಲಿ ಮೂಡುತ್ತವೆ ಎಂದು ಪ್ರಸಿದ್ಧವಾದ 2003ರ ಪ್ರಯೋಗದಲ್ಲೂ ಇದ್ದದ್ದು 13 ಜನ. ಆ ಜಾಗ ಬೇರೆ ಹತ್ತಾರು ಕೆಲಸಗಳಲ್ಲೂ ಚುರುಕಾಗುತ್ತದೆ. ಪೋಸ್ಟರಿಗೆ ಚೆಂದ, ತೀರ್ಮಾನಕ್ಕೆ ಸಾಲದು.

ಸುಳ್ಳು ಹೇಳಲೇಬೇಕೇ?

ಬೇಡ. ಹೆಚ್ಚಿನವರಿಗೆ ಗೊತ್ತಿಲ್ಲದ, ಆದರೆ ತರಗತಿಗೆ ಬಹಳ ಉಪಯೋಗದ ಸಂಗತಿ ಇದು. 2004ರಲ್ಲಿ ಝಾಡ್ರೊ ಮತ್ತು ಜೊತೆಗಾರರು ಆಡುವವರಿಗೆ ‘ನಿಮ್ಮ ಜೊತೆ ಆಡುತ್ತಿರುವುದು ಕಂಪ್ಯೂಟರ್’ ಎಂದು ಮೊದಲೇ ಹೇಳಿ ಆಡಿಸಿದರು. ಆದರೂ ಚೆಂಡು ಬರದವರ ಸ್ವಾಭಿಮಾನ, ಹಿಡಿತ ಎಲ್ಲವೂ ಕುಸಿಯಿತು. ಪಾಠಕ್ಕಾಗಿ ಮಾಡುವುದಾದರೆ ಈ ಪ್ರಾಮಾಣಿಕ ಆವೃತ್ತಿಯೇ ಇರಲಿ. ಯಂತ್ರ ಎಂದು ಗೊತ್ತಿದ್ದೂ ಮೌಸನ್ನು ಟಕಟಕ ಒತ್ತುವ ತಮ್ಮ ಬೆರಳನ್ನು ತಾವೇ ನೋಡಿಕೊಳ್ಳುವುದಕ್ಕಿಂತ ದೊಡ್ಡ ಪಾಠ ಸ್ಲೈಡಿನಲ್ಲಿ ಸಿಗುವುದಿಲ್ಲ. ಸುಳ್ಳಿನ ಆವೃತ್ತಿ ಬೇಕಾದರೆ ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ, ಲಿಖಿತ ಸಮ್ಮತಿ, ಯಾವಾಗ ಬೇಕಾದರೂ ಎದ್ದುಹೋಗುವ ಹಕ್ಕು ಇವಿಷ್ಟೂ ಬೇಕು. ಹದಿನೆಂಟು ತುಂಬದವರ ಮೇಲೆ ಬೇಡ.

ತರಗತಿಯಲ್ಲಿ ಈಗಾಗಲೇ ಒಂಟಿಯಾಗಿರುವ ಹುಡುಗ ಅಥವಾ ಹುಡುಗಿ ಯಾರೆಂದು ಮೇಷ್ಟ್ರಿಗೆ ಸಾಮಾನ್ಯವಾಗಿ ಗೊತ್ತಿರುತ್ತದೆ: ಮೆಸ್ಸಿನಲ್ಲಿ ಬೇರೆ ಮೇಜು, ಗ್ರೂಪಿನಲ್ಲಿ ಹಾಕಿದ ಸಂದೇಶಕ್ಕೆ ಎರಡು ನೀಲಿ ಗೆರೆ, ಉತ್ತರವಿಲ್ಲ. ಅಂಥವರಿಗೆ ಚೀಟಿಯಲ್ಲಿ ‘ಬಿಟ್ಟುಹಾಕಿದ’ ಪಾಲು ಬಂದರೆ ಐದು ನಿಮಿಷದ ಆಟ ಅವರ ಮಟ್ಟಿಗೆ ಆಟವಾಗಿ ಉಳಿಯುವುದಿಲ್ಲ. ಎಲ್ಲರ ಎದುರಿಗೆ ಅವರನ್ನು ತೆಗೆದರೆ ಅದೂ ಇನ್ನೊಂದು ಬಿಟ್ಟುಹಾಕುವಿಕೆ. ಆದ್ದರಿಂದ ಚೀಟಿಗೆ ಮುಂಚೆಯೇ ಮೂರು ನಾಲ್ಕು ಜನರಿಗೆ ತಕ್ಕಡಿ ನೋಡುವ, ಎಸೆತ ಎಣಿಸುವ, ಹಾಳೆ ಹಂಚುವ ಕೆಲಸ ಕೊಟ್ಟು, ಅವರನ್ನೂ ಅದರೊಳಗೆ ಸೇರಿಸಿಬಿಡಿ.

ಮುಗಿದ ಮೇಲೆ ‘ಅದು ಪ್ರೋಗ್ರಾಂ, ನಿಮಗೆ ಎರಡೇ ಚೆಂಡು ಎಂದು ಮೊದಲೇ ಬರೆದಿತ್ತು’ ಎಂದು ಬಾಯಲ್ಲಿ ಹೇಳಿದರೆ ಸಾಲದು. ಸೆಟ್ಟಿಂಗಿನ ಪುಟವನ್ನೇ ತೆರೆದು, ಎಸೆತಗಳ ಪಟ್ಟಿ ತೋರಿಸಿ. ಆಮೇಲೆ ಬಿಟ್ಟುಹಾಕಿದ ಗುಂಪಿಗೆ ಇನ್ನೊಂದು ಸುತ್ತು ಆಡಿಸಿ, ಈ ಸಲ 30ರಲ್ಲಿ 10 ಅವರಿಗೆ. ಇದಕ್ಕೆ ನಾಲ್ಕು ನಿಮಿಷ. ಬೆಲ್ ಹೊಡೆಯಿತೆಂದು ಬಿಡಬೇಡಿ. ಎದ್ದು ಹೋಗುವ ಮುಂಚೆ ಟೆಲಿ ಮಾನಸ್ ಸಂಖ್ಯೆ 14416 ಬೋರ್ಡಿನ ಮೇಲಿರಲಿ, ಪುಕ್ಕಟೆ ಕರೆ, ಕನ್ನಡದಲ್ಲೇ ಮಾತಾಡಬಹುದು. ಸಂಖ್ಯೆಯನ್ನು ಯಾರು ಬರೆದುಕೊಳ್ಳುತ್ತಾರೆ ಎಂದು ಮಾತ್ರ ತಿರುಗಿ ನೋಡಬೇಡಿ.

ಇದೇ ಆಟ ಇನ್‌ಕ್ವಿಸಿಟ್‌ನಂಥ ದುಡ್ಡು ಕೊಟ್ಟು ಕೊಳ್ಳುವ ಪ್ರಯೋಗ ಸಾಫ್ಟ್‌ವೇರಿನಲ್ಲೂ ಸಿಗುತ್ತದೆ. ಮಿಲಿಸೆಕೆಂಡ್ ಲೆಕ್ಕ ಬೇಕಾದವರಿಗೆ ಸರಿ. ತರಗತಿಗೆ ಪುಕ್ಕಟೆಯದೇ ಸಾಕು. ಉಳಿದ ದುಡ್ಡಿಗೆ ತಕ್ಕಡಿ ತನ್ನಿ.